ಒಡೆಯದೆ ತೆಗೆದ ಬಳೆಗಳು

ಹೋದ ವಾರ ಭಾಲ್ಕಿಯಿಂದ ಫೋನು ಬಂದಾಗ ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ನೀವೆಲ್ಲ ಓಡಿಬಂದು ಯಾರು ಸತ್ತರೆಂದು ಕೇಳಿದಿರಿ. ಹಿಂದೆ ನಮ್ಮ ನೆರೆಮನೆಯಲ್ಲಿದ್ದವರು ಎಂದೆ. ನೆರೆಮನೆಯವರಿಗೆ ಯಾರಾದರೂ ಇಷ್ಟು ಅಳುತ್ತಾರೇನು ಎಂದು ಸಣ್ಣವಳು ಕೇಳಿದಳು. ಅದಕ್ಕೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ. ನಾಲ್ಕು ಜನರ ಮುಂದೆ ಮಾತಾಡಬೇಕೆಂದರೆ ನನಗೆ ಈಗಲೂ ನಾಚಿಕೆ, ಆ ನಾಲ್ವರು ನನ್ನ ಮೊಮ್ಮಕ್ಕಳೇ ಆಗಿದ್ದರೂ. ಬರೆಯುವುದಾದರೆ ಅಷ್ಟು ನಾಚಿಕೆಯಾಗುವುದಿಲ್ಲ. ನಾನು ಹಳ್ಳಿಯ ಸಾಲೆಯಲ್ಲಿ ಕಲಿತವಳು, ತಪ್ಪು ಸಿಕ್ಕರೆ ತಿದ್ದಿಕೊಂಡು ಓದಿ.

ಅವರ ಹೆಸರು ಬರೆಯುವುದಿಲ್ಲ. ಅವರ ಮೈಯೊಳಗಿನ ಸಂಗತಿಯನ್ನು ಬರೆಯುತ್ತಿದ್ದೇನೆ, ಅದಕ್ಕೆ ಹೆಸರು ಅಂಟಿಸುವುದು ನನಗೆ ಸರಿ ಕಾಣುವುದಿಲ್ಲ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಇಲ್ಲಿಯೂ ಅಕ್ಕ ಎಂದೇ ಇರಲಿ. ಭಾಲ್ಕಿಯಲ್ಲಿ ಮಗಳ ಮನೆಯಲ್ಲಿ, ವಯಸ್ಸಾಗಿ, ನಾಲ್ಕು ದಿನ ಜ್ವರ ಬಂದು ಹೋದರು. ಯಾವ ನೆತ್ತರಿಗೆ ಹೆದರಿ ಜೀವನವೆಲ್ಲ ಎಚ್ಚರದಿಂದ ಇದ್ದರೋ ಆ ನೆತ್ತರು ಕೊನೆಗೂ ಅವರಿಗೆ ಮೋಸ ಮಾಡಲಿಲ್ಲ.

ನಾವು ಬೀದರದ ಪಕ್ಕದ ಈ ನೌಬಾದಕ್ಕೆ ಬಂದದ್ದು ಬರದ ವರ್ಷ. ಊರಲ್ಲಿ ಕೆಲಸವಿರಲಿಲ್ಲ. ಗಂಡಸರು ಹೈದರಾಬಾದು, ಪುಣೆ, ಮುಂಬೈ ಎಂದು ಹಂಚಿಹೋಗಿದ್ದರು. ನಿಮ್ಮ ಅಜ್ಜನಿಗೆ ಬೀದರದ ಒಂದು ಲಾರಿ ಗ್ಯಾರೇಜಿನಲ್ಲಿ ಕೆಲಸ ಸಿಕ್ಕಿದ್ದರಿಂದ ನಾವು ದೂರ ಹೋಗಲಿಲ್ಲ. ಅಕ್ಕನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರ ಗಂಡ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕಿದ್ದರು. ಮನೆಯಲ್ಲಿ ಅಕ್ಕ ಮತ್ತು ಸಾಲೆಗೆ ಹೋಗುವ ಒಬ್ಬಳೇ ಮಗಳು. ಅಕ್ಕ ಹೊಲಿಗೆ ಮಾಡುತ್ತಿದ್ದರು.

ಓಣಿಗೆ ನೀರಿನ ಟ್ಯಾಂಕರು ಬಂದರೆ ಯುದ್ಧ. ಕೊಡಕ್ಕೆ ಕೊಡ ಬಡಿಯುತ್ತಿತ್ತು, ಜಡೆಗೆ ಜಡೆ ಸಿಕ್ಕಿಕೊಳ್ಳುತ್ತಿತ್ತು. ಅಕ್ಕ ಮಾತ್ರ ದೂರದ ಬೇವಿನ ಗಿಡದ ಕೆಳಗೆ ಕೊಡ ಇಟ್ಟುಕೊಂಡು ನಿಂತಿರುತ್ತಿದ್ದರು. ಎಲ್ಲರೂ ತುಂಬಿಸಿಕೊಂಡ ಮೇಲೆ ತಳದಲ್ಲಿ ಉಳಿದ ಕೆಂಪು ನೀರಿಗೆ ಬರುತ್ತಿದ್ದರು.

"ರಾಣಿಸಾಹೇಬ್ರು ಬಂದ್ರು, ದಾರಿ ಬಿಡ್ರೇ" ಎಂದು ಒಬ್ಬಳು ಚುಚ್ಚಿದಳು.

"ರಾಣಿ ಅಲ್ಲವ್ವಾ, ನಾ ಗಾಜಿನ ಭರಣಿ" ಎಂದರು ಅಕ್ಕ. "ತಾಗಿದ್ರ ಒಡೀತೇನಿ. ಆಮ್ಯಾಲ ನೆಲಾ ಒರಸೋರು ನೀವೇ."

ಎಲ್ಲರೂ ನಕ್ಕರು. ನಾನು ಅದನ್ನು ಬರೀ ಮಾತು ಎಂದುಕೊಂಡೆ. ಆದರೆ ಅದೇ ದಿನ ಯಾರದೋ ಹಿತ್ತಾಳೆ ಕೊಡದ ಕಂಠ ಅವರ ಮುಂಗೈಗೆ ತಾಗಿತ್ತು. ನನಗಾಗಿದ್ದರೆ ಉಜ್ಜಿಕೊಂಡು ಮರೆತುಬಿಡುತ್ತಿದ್ದೆ. ಸಂಜೆ ಅವರ ಮನೆಗೆ ಹೋದಾಗ ಆ ಕೈ ಮೊಣಕೈಯಿಂದ ಮಣಿಕಟ್ಟಿನ ತನಕ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ನಾನು ಗಾಬರಿಯಾಗಿ, ಇಟ್ಟಿಗೆ ಕಾಯಿಸಿ ಕಾವು ಕೊಡಲೇ ಎಂದೆ.

"ಕಾವು ಬ್ಯಾಡ, ಕೂಡು" ಎಂದರು. ಅವತ್ತು ಎಲ್ಲ ಹೇಳಿದರು. "ಸಣ್ಣಾಕಿ ಇದ್ದಾಗ ಕೀಲುನೋವಿನ ಜ್ವರಾ ಬಂದಿತ್ತು ತಂಗಿ. ಜ್ವರಾ ಹೋಯ್ತು, ಹೋಗೋವಾಗ ಎದಿಯೊಳಗಿನ ಬಾಗಿಲಾ ಕೆಡಿಸಿ ಹೋಯ್ತು. ಮಗಳು ಹುಟ್ಟಿದ ಮ್ಯಾಲ ದಮ್ಮು ಹತ್ತಲಕತ್ತಿತು. ಹೈದರಾಬಾದ್ ದವಾಖಾನ್ಯಾಗ ಎದಿ ಸೀಳಿ ಲೋಹದ ಬಾಗಿಲಾ ಕೂಡಿಸ್ಯಾರ. ಲೋಹಕ್ಕ ನೆತ್ತರಾ ಹೆಪ್ಪುಗಟ್ಟಿ ಅಂಟಿಕೊಳ್ತದಂತ. ಅದಕ್ಕ ದಿನಾ ನೆತ್ತರಾ ತೆಳು ಮಾಡೋ ಗುಳಿಗಿ. ಗುಳಿಗಿ ಕಡಿಮಿ ಬಿದ್ರ ಬಾಗಿಲಾ ಬಂದ್. ಹೆಚ್ಚು ಬಿದ್ರ ಎಲ್ಲಿ ಬೇಕಲ್ಲಿ ನೆತ್ತರಾ ಸೋರ್ತದ. ನಡುವ ಸಣ್ಣದೊಂದು ಕಾಲುದಾರಿ ಅದ. ನಾ ಅದ್ರಾಗ ನಡೀತೇನಿ."

ಮರುದಿನದಿಂದ ಟ್ಯಾಂಕರಿನ ಹತ್ತಿರ ಅವರ ಕೊಡಗಳನ್ನೂ ನಾನೇ ಒಯ್ದೆ. ಅವರು ನಿಮ್ಮ ಅಪ್ಪನಿಗೂ ಸೋದರತ್ತೆಗೂ ಅಂಗಿ ಹೊಲಿದುಕೊಟ್ಟರು. ಯಾರೂ ಮಾತಾಡಿಕೊಂಡು ಮಾಡಿದ್ದಲ್ಲ, ಹಾಗೆ ಆಗಿಹೋಯಿತು.

ಕೋಣೆ ನಿಶ್ಶಬ್ದವಾಗಿದ್ದರೆ ಅವರ ಎದೆಯ ಬಾಗಿಲು ತೆರೆದು ಮುಚ್ಚುವುದು ನಮಗೂ ಕೇಳಿಸುತ್ತಿತ್ತು. ನಿಮ್ಮ ಅಪ್ಪ ಆಗ ಸಣ್ಣವನು. "ದೊಡ್ಡಮ್ಮ ಗಡಿಯಾರ ನುಂಗ್ಯಾಳ" ಎಂದು ಓಣಿ ತುಂಬ ಹೇಳಿಕೊಂಡು ಬಂದ. ಅಕ್ಕನಿಗೆ ಸಿಟ್ಟು ಬರಲಿಲ್ಲ. "ಹೌದಪಾ, ನುಂಗೇನಿ. ಹೊತ್ತು ಕೇಳಿದ್ರ ಮಾತ್ರ ಹೇಳಂಗಿಲ್ಲ, ಅಂಥಾ ಹಾಳ ಗಡಿಯಾರ" ಎಂದರು.

ಅವರ ಗುಳಿಗೆಯ ಹೊತ್ತು ಸಂಜೆ ದೀಪ ಹಚ್ಚುವ ಹೊತ್ತು. ದೇವರ ಮುಂದೆ ದೀಪ ಹಚ್ಚಿ, ಕೈ ಮುಗಿದು, ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ಒಮ್ಮೆ ನೋಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಯಾಕೆ ನೋಡುತ್ತೀರಿ ಎಂದು ಕೇಳಿದ್ದೆ. ಗುಳಿಗೆಯ ಬಲ ಬೇರೆಯಾದರೆ ಬಣ್ಣವೂ ಬೇರೆಯಿರುತ್ತದಂತೆ. ಅಂಗಡಿಯವನು ಅವಸರದಲ್ಲಿ ಬೇರೆ ಕೊಟ್ಟಿದ್ದರೆ ನುಂಗುವ ಮುಂಚೆ ಗೊತ್ತಾಗಲಿ ಎಂದು. ಒಂದು ಸಲ ಊರಿಗೆ ಹೋದವರು ಗುಳಿಗೆ ಮರೆತು ಮಾರನೆಯ ದಿನ ಮಧ್ಯಾಹ್ನ ಬಂದರು. ನಿನ್ನೆಯದನ್ನೂ ಸೇರಿಸಿ ಇವತ್ತು ಎರಡು ತೆಗೆದುಕೊಳ್ಳಿ ಎಂದು ನಾನು ಹೇಳಿದೆ. ನನಗೆ ಅಷ್ಟೇ ತಿಳಿಯುತ್ತಿತ್ತು.

"ನಿನ್ನಿ ಉಣಲಾರದ ರೊಟ್ಟಿ ಇವತ್ತು ಉಣಬಹುದು, ಇದು ರೊಟ್ಟಿ ಅಲ್ಲ" ಎಂದರು. "ಅದೇ ದಿನಾ ನೆಪ್ಪಾದ್ರ ನುಂಗಬೇಕು. ದಿನಾ ದಾಟಿದ್ರ ದಾಟಿತು. ಎರಡು ನುಂಗಬಾರದು. ತಪ್ಪೀತಂತ ಡಾಕ್ಟರಿಗಿ ಹೇಳಬೇಕು." ಹೇಳಿಯೂ ಹೇಳಿದರು. ನಾಚಿಕೆಯಿಲ್ಲದೆ ಬೀದರಕ್ಕೆ ಹೋಗಿ, "ಸಾಹೇಬ, ಮರತೇನ್ರಿ" ಎಂದರು.

ಡಾಕ್ಟರು ಯಾರೇ ಇರಲಿ, ಅಕ್ಕ ಕುರ್ಚಿಯಲ್ಲಿ ಕುಳಿತುಕೊಳ್ಳುವ ಮೊದಲೇ ಒಂದು ಮಾತು ಹೇಳುತ್ತಿದ್ದರು. "ಎದ್ಯಾಗ ಲೋಹದ ಬಾಗಿಲಾ ಅದರಿ, ನೆತ್ತರಾ ತೆಳು ಮಾಡೋ ಗುಳಿಗಿ ತಗೋತೇನ್ರಿ." ಹಲ್ಲಿನ ಡಾಕ್ಟರಿಗೂ ಹೇಳುತ್ತಿದ್ದರು, ಕಣ್ಣಿನ ಡಾಕ್ಟರಿಗೂ ಹೇಳುತ್ತಿದ್ದರು. ನಮಸ್ಕಾರ ಆಮೇಲೆ. ಓಣಿಯ ಹೆಂಗಸರು ಇದನ್ನೇ ಅಣಕಿಸಿ ನಗುತ್ತಿದ್ದರು. ನಮ್ಮ ಕಡೆ ಆಗ ಸುಜಿ ಚುಚ್ಚದ ಡಾಕ್ಟರನ್ನು ಡಾಕ್ಟರೆಂದು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ನೆಗಡಿಯಾದರೂ ಟೊಂಕಕ್ಕೆ ಒಂದು ಸುಜಿ ಬೇಕು. ಅಕ್ಕ ಜ್ವರದಲ್ಲಿ ಕಣ್ಣು ತೆರೆಯಲಾರದೆ ಮಲಗಿದ್ದಾಗಲೂ, "ಟೊಂಕಕ್ಕ ಸುಜಿ ಬ್ಯಾಡ್ರಿ, ಖಂಡದಾಗ ನೆತ್ತರಾ ಇಳದು ಗಡ್ಡಿ ಆಗ್ತದ" ಎಂದರು. ಓಣಿಯ ಡಾಕ್ಟರು ಸುಜಿ ಕೆಳಗಿಟ್ಟು, "ಹೇಳಿದ್ದು ಚಲೋ ಆತವ್ವಾ" ಎಂದು ಬಾಯಿಂದ ನುಂಗುವ ಔಷಧ ಬರೆದುಕೊಟ್ಟರು. ಒಮ್ಮೆ ಅಕ್ಕನಿಗೆ ಮೊಣಕಾಲು ಹಿಡಿದಿತ್ತು. ನಾನು ಕಿರಾಣಿ ಅಂಗಡಿಯಿಂದ ನೋವಿನ ಗುಳಿಗೆ ತಂದುಕೊಟ್ಟೆ. ಅದನ್ನು ನನ್ನ ಕೈಯಲ್ಲೇ ಮಡಚಿಟ್ಟು, "ನೀ ಕೊಟ್ರ ಬೇವಿನ ಕಷಾಯಾನೂ ಕುಡೀತೇನಿ. ಇದು ಬ್ಯಾಡ. ಈ ಗುಳಿಗಿ ನನ್ನ ಗುಳಿಗಿ ಕೂಡಿದ್ರ ಹೊಟ್ಟ್ಯಾಗ ನೆತ್ತರಾ ಒಡೀತದ" ಎಂದರು.

ಇಷ್ಟೆಲ್ಲ ಎಚ್ಚರವಿದ್ದರೂ ಒಂದು ಸಲ ದಾರಿ ತಪ್ಪಿತು. ತಪ್ಪಿಸಿದ್ದು ಬರ. ಆ ವರ್ಷ ಪೇಟೆಗೆ ಸೊಪ್ಪು ಬರುವುದು ನಿಂತುಹೋಯಿತು. ಮೆಂತ್ಯ ಇಲ್ಲ, ಪಾಲಕ ಇಲ್ಲ, ರಾಜಗಿರಿ ಇಲ್ಲ. ಬಂದ ಒಂದೆರಡು ಕಟ್ಟು ನಮ್ಮ ಕೈಗೆ ನಿಲುಕುವಂತಿರಲಿಲ್ಲ. ರೊಟ್ಟಿಗೆ ಶೇಂಗಾ ಹಿಂಡಿ, ಇಲ್ಲವೆ ಖಾರದ ಪುಡಿ, ಎಣ್ಣೆ. ಒಂದು ಮುಂಜಾನೆ ಅಕ್ಕ ಬೇವಿನ ಕಡ್ಡಿಯಿಂದ ಹಲ್ಲು ತಿಕ್ಕಿ ಉಗುಳಿದರೆ ಉಗುಳು ಕೆಂಪಗಿತ್ತು. ತೊಡೆಯ ಮೇಲೆ ಏಟಿಲ್ಲದೆ ಕಂದು ಕಲೆ ಎದ್ದಿದ್ದವು. ಒಂದು ದಿನವೂ ತಡಮಾಡದೆ ನನ್ನನ್ನು ಕರೆದುಕೊಂಡು ಬೀದರದ ದವಾಖಾನೆಗೆ ಹೋದರು. ನೆತ್ತರು ಪರೀಕ್ಷೆ ಮಾಡಿಸಿದರೆ, ಬಹಳ ತೆಳುವಾಗಿದೆ ಎಂದು ಬಂತು.

"ಹೊಸಾ ಗುಳಿಗಿ ಏನಾರ ತಗೊಂಡೀಯೇನವ್ವಾ?" ಡಾಕ್ಟರು ಕೇಳಿದರು.

"ಇಲ್ರಿ."

"ಎರಡೆರಡು ನುಂಗಿದ್ಯಾ?"

"ಇಲ್ರೀ ಸಾಹೇಬ."

"ಊಟಾ?"

"ಎಲ್ಲಾರು ಉಣ್ಣೋದೇ ಉಣ್ತೇನ್ರಿ. ಹಸರ ಪಲ್ಯಾ ಒಂದು ಕಂಡಿಲ್ಲ, ಭಾಳ ದಿನಾತು."

ಡಾಕ್ಟರು ಪೆನ್ನು ಕೆಳಗಿಟ್ಟರು. ಸೊಪ್ಪಿನಲ್ಲಿ ನೆತ್ತರನ್ನು ಗಟ್ಟಿಮಾಡುವ ಸತ್ವವಿದೆ, ಗುಳಿಗೆ ಅದರ ಎದುರು ನಿಂತು ಕೆಲಸ ಮಾಡುತ್ತದೆ, ಎದುರಾಳಿ ಇಲ್ಲದಂತಾದರೆ ಅಷ್ಟೇ ಗುಳಿಗೆ ಹೆಚ್ಚು ಜೋರಾಗುತ್ತದೆ ಎಂದು ತಿಳಿಸಿ ಹೇಳಿದರು. ಗುಳಿಗೆಯನ್ನು ತಾವೇ ಇಳಿಸಿ ಬರೆದು, ಬೇಗ ಮತ್ತೆ ಪರೀಕ್ಷೆಗೆ ಬರಲು ಹೇಳಿದರು. ಸೊಪ್ಪು ಬಿಡಲೂ ಬಾರದು, ಸಿಕ್ಕಿತೆಂದು ಒಮ್ಮೆಲೇ ಸುರಿದುಕೊಳ್ಳಲೂ ಬಾರದು, ಪ್ರತಿದಿನ ಒಂದೇ ಸಮ ಇರಬೇಕು ಎಂದರು.

ಬಸ್ಸಿನಲ್ಲಿ ಅಕ್ಕ ಕಿಟಕಿಯಿಂದ ಹೊರಗೆ ನೋಡುತ್ತ ಕುಳಿತಿದ್ದರು. ಆಮೇಲೆ, "ನೋಡಿದ್ಯಾ ತಂಗಿ, ಈ ಬರಾ ಹೊಲಕ್ಕಷ್ಟೇ ಬಂದಿಲ್ಲ" ಎಂದರು. ಮರುದಿನ ಒಡೆದ ಎರಡು ಕೊಡಗಳಲ್ಲಿ ಮಣ್ಣು ತುಂಬಿ ರಾಜಗಿರಿ ಬೀಜ ಚೆಲ್ಲಿದರು. ಪಾತ್ರೆ ತೊಳೆದ ನೀರನ್ನೇ ಅದಕ್ಕೆ ಹಾಕುತ್ತಿದ್ದರು. ಅದರಿಂದ ದಿನವೂ ಒಂದು ಮುಷ್ಟಿ ಸೊಪ್ಪು ಕಿತ್ತು ಬೇಳೆಗೆ ಹಾಕುತ್ತಿದ್ದರು. ಕುಡಿಯಲು ನೀರಿಲ್ಲದಾಗ ಈಕೆ ತೋಟ ಮಾಡುತ್ತಾಳೆ ಎಂದು ಓಣಿ ಆಡಿಕೊಂಡಿತು.

ಆ ಚಳಿಗಾಲ ಎಳ್ಳಮಾಸೆಗೆ ಅವರ ಗಂಡ ಹೈದರಾಬಾದಿನಿಂದ ಬಂದರು. ನಮ್ಮನ್ನೂ ತಮ್ಮ ಹಳ್ಳಿಗೆ ಕರೆದುಕೊಂಡು ಹೋದರು. ಅದು ಜನವಾಡ ದಾಟಿ ಹೋಗಬೇಕು, ಎಕಂಬಾ ಕಡೆಯ ಹಳ್ಳಿ. ಎಳ್ಳಮಾಸೆಗೆ ನಮ್ಮಲ್ಲಿ ಹೊಲಕ್ಕೆ ಹೋಗಿ ಸೊಪ್ಪು ಕಾಳಿನ ಭಜ್ಜಿ ಉಣ್ಣುತ್ತೇವೆ, ನಿಮಗೆ ಗೊತ್ತೇ ಇದೆ. ಬಾವಿಯ ಪಕ್ಕದ ಸಣ್ಣ ತುಂಡಿನಲ್ಲಿ ಏನು ಹಸಿರಿತ್ತೋ ಅದನ್ನೆಲ್ಲ ಅಕ್ಕನ ಅತ್ತೆ ಕಿತ್ತು, ಕಾಳು ಸೇರಿಸಿ, ಹಿಟ್ಟು ಕದಡಿ ದೊಡ್ಡ ಗಡಿಗೆಯಲ್ಲಿ ಬೇಯಿಸಿದ್ದರು. ಅಷ್ಟು ದಿನ ಸೊಪ್ಪು ಕಾಣದವರು ನಾವೆಲ್ಲ ಬಾಚಿ ಬಾಚಿ ಉಂಡೆವು. ಅಕ್ಕ ಒಂದು ಸೌಟು ಹಾಕಿಸಿಕೊಂಡು ತಾಟಿನ ಮೇಲೆ ಕೈ ಅಡ್ಡ ಹಿಡಿದರು.

"ಯಾಕ, ನನ್ನ ಕೈಯಾನ ಭಜ್ಜಿ ವಿಷಾ ಏನು?" ಎಂದರು ಅತ್ತೆ.

"ವಿಷಾ ಅಲ್ರೀ ಅತ್ತಿ. ನನ್ನ ಗುಳಿಗಿಗಿ ಇದು ಸವತಿ. ಒಂದೇ ಮನ್ಯಾಗ ಇಬ್ಬರಿಗೂ ಸಮಾ ಕೊಡಬೇಕಾಗ್ತದ."

ಉಂಡವರೆಲ್ಲ ನಕ್ಕರು. ಅತ್ತೆ ನಗಲಿಲ್ಲ. ಗಡಿಗೆಯನ್ನು ಕುಕ್ಕಿ, ಎರಡನೆಯ ಸೌಟನ್ನು ಅಡ್ಡ ಹಿಡಿದ ಕೈ ಸರಿಸಿ ಹಾಕಿಯೇಬಿಟ್ಟರು. ಅಕ್ಕನ ಗಂಡ ಆ ತಾಟನ್ನು ಎಳೆದುಕೊಂಡು ಎರಡನೆಯ ಸೌಟಿನದನ್ನು ತಾವೇ ಉಂಡರು.

ಅತ್ತೆಗೆ ಸೊಸೆಯ ಮೇಲೆ ಹಳೆಯ ಸಿಟ್ಟು. ಒಲೆಯ ಮುಂದೆಯೂ ರಬ್ಬರು ಚಪ್ಪಲಿ ಮೆಟ್ಟಿಕೊಳ್ಳುತ್ತಾಳೆ ಎಂದು ಸಿಟ್ಟು, ಮುಳ್ಳು ಚುಚ್ಚಿದರೆ ನೆತ್ತರು ಬೇಗ ನಿಲ್ಲುವುದಿಲ್ಲವೆಂದು ಎಷ್ಟು ಹೇಳಿದರೂ. ಅದಕ್ಕಿಂತ ದೊಡ್ಡ ಸಿಟ್ಟು ಮೊಮ್ಮಗನಿಲ್ಲವೆಂದು. ಆ ಗುಳಿಗೆ ನುಂಗುತ್ತಿರುವಾಗ ಬಸುರಾದರೆ ಕೂಸಿಗೂ ತಾಯಿಗೂ ಅಪಾಯ, ತಮ್ಮನ್ನು ಕೇಳದೆ ಬಸುರಾಗಬೇಡ ಎಂದು ಡಾಕ್ಟರು ಹೇಳಿದ್ದರು. ಗಂಡ ಹೆಂಡತಿ ಮಾತಾಡಿಕೊಂಡು ಒಬ್ಬಳೇ ಸಾಕೆಂದರು. "ಲೋಹದ ಎದೀ ಹೆಣ್ಣು, ನನ್ನ ವಂಶಾ ನಿಲ್ಲಿಸಿದಳು" ಎಂದು ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಮಗ ಮಾತ್ರ ಒಮ್ಮೆ, "ಅವ್ವಾ, ನನಗ ಮಗಳದಾಳ, ಹೇಣ್ತಿ ಅದಾಳ. ಮತ್ತೇನ್ ಬೇಕು?" ಎಂದಿದ್ದರಂತೆ. ಅಕ್ಕ ಇದನ್ನು ನನಗೆ ಹೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು.

ಅಕ್ಕನ ಗಂಡ ಹೈದರಾಬಾದಿಗೆ ಮರಳಿದ ಮೇಲೆ ರವಿವಾರಕ್ಕೊಮ್ಮೆ ಓಣಿಯ ಮೂಲೆಯ ಅಂಗಡಿಗೆ ಫೋನು ಮಾಡುತ್ತಿದ್ದರು. ಅಂಗಡಿಯವನು ಕೂಗಿದರೆ ಅಕ್ಕ ಹೊಲಿಗೆ ಬಿಟ್ಟು ಹೋಗುತ್ತಿದ್ದರು. ನಾನೂ ಜೊತೆಗೆ ಹೋಗಿದ್ದೇನೆ. ಆ ಕಡೆಯಿಂದ ಮೊದಲು ಬರುವ ಮಾತು, "ನುಂಗಿದ್ಯಾ?" ಹೇಗಿದ್ದೀ ಎಂದಲ್ಲ, ಮಗಳು ಹೇಗಿದ್ದಾಳೆ ಎಂದಲ್ಲ. ಅಕ್ಕ "ನುಂಗೇನ್ರಿ" ಎಂದ ಮೇಲೆ ಉಳಿದ ಮಾತು.

ಆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ರವಿವಾರವಲ್ಲದ ದಿನ, ಅಂಗಡಿಯವನು ಕೂಗದೆ ತಾನೇ ನಡೆದುಕೊಂಡು ಬಂದ. ಅವನ ಮುಖ ನೋಡಿಯೇ ಅಕ್ಕ ಗೋಡೆ ಹಿಡಿದರು. ಬಿಸಿಲಲ್ಲಿ ಕೆಲಸ ಮಾಡುತ್ತಿದ್ದ ಅವರ ಗಂಡ ಕುಸಿದು ಬಿದ್ದು ದವಾಖಾನೆ ಮುಟ್ಟುವ ಮೊದಲೇ ಹೋಗಿದ್ದರು. ದೇಹವನ್ನು ಮರುದಿನ ನೇರವಾಗಿ ಹಳ್ಳಿಗೇ ತರುತ್ತಾರೆ ಎಂದು ಸುದ್ದಿ.

ಸಂಜೆಯ ತನಕ ಮನೆ ತುಂಬ ಹೆಂಗಸರು. ಕತ್ತಲಾಗುವಾಗ ಅಕ್ಕ ಎದ್ದು, ಗೂಡಿನಿಂದ ಗುಳಿಗೆ ತೆಗೆದುಕೊಂಡು ನನ್ನ ಕಡೆ ನೋಡಿದರು. ನಾನು ನೀರು ಕೊಟ್ಟೆ. "ಗಂಡ ಸತ್ತಾನ, ಈಕಿ ತನ್ನ ಜೀವಾ ನೋಡಿಕೊಳ್ಳಲಕತ್ತಾಳ" ಎಂದು ಹಿಂದಿನಿಂದ ಒಬ್ಬಳು ಅಂದದ್ದು ಎಲ್ಲರಿಗೂ ಕೇಳಿತು. ಅಕ್ಕ ಗುಳಿಗೆ ನುಂಗಿ ಲೋಟ ನನ್ನ ಕೈಗೆ ಕೊಟ್ಟರು. "ಕೇಳಿದ್ರ ಏನ್ ಹೇಳಲಿ ತಂಗಿ?" ಎಂದರು. "ನುಂಗಿಲ್ಲ ಅಂತ ಹೇಳಲೇನು?" ಆಮೇಲೆಯೇ ಅವರು ಬಾಯಿಬಿಟ್ಟು ಅತ್ತದ್ದು.

ಮುಂಜಾನೆ ಜೀಪಿನಲ್ಲಿ ಹಳ್ಳಿಗೆ ಹೊರಟೆವು. ಜನವಾಡ ದಾಟಿದ ಮೇಲೆ ಅಕ್ಕ ತಮ್ಮ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡರು. ಕೈತುಂಬ ಹಸಿರು ಗಾಜಿನ ಬಳೆ. "ಇವನ್ನ ಕಲ್ಲಿಲೆ ಒಡೀತಾರ" ಎಂದರು ಮೆಲ್ಲಗೆ. ಗಂಡ ಸತ್ತವಳ ಕೈಯನ್ನು ಕಲ್ಲಿನ ಮೇಲೆ ಹಿಡಿದು ಮತ್ತೊಂದು ಕಲ್ಲಿನಿಂದ ಬಳೆ ಒಡೆಯುವುದು ಆ ಹಳ್ಳಿಯ ಪದ್ಧತಿ. ಚೂರು ಚುಚ್ಚಿ ಕೈಯೆಲ್ಲ ನೆತ್ತರಾಗುವುದನ್ನು ನಾನು ಬೇರೆಯವರಲ್ಲಿ ನೋಡಿದ್ದೆ. ಬೇರೆಯವರದು ಅರಿಶಿನ ಒತ್ತಿದರೆ ನಿಲ್ಲುತ್ತದೆ. ಅಕ್ಕನದು? ಅಲ್ಲಿಂದ ದವಾಖಾನೆ ಎಷ್ಟು ದೂರ, ಜೀಪು ನಿಂತಿರುತ್ತದೋ ಇಲ್ಲವೋ. ಈಗಲೇ ಮೆಲ್ಲಗೆ ತೆಗೆದುಬಿಡೋಣ ಎಂದೆ.

"ಬ್ಯಾಡ. ಅವರ ಮಾರಿ ನೋಡೂತನಾ ಇರಲಿ. ಬಳಿ ಇಲ್ಲದ ನನ್ನ ಕೈ ಅವರು ಎಂದೂ ನೋಡಿಲ್ಲ." ಬಳೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಂದರು, "ನಾ ಸಾಯಬಾರದು ತಂಗಿ. ಮಗಳಿಗಿ ಇನ್ನ ನಾನೊಬ್ಬಾಕೀನೇ. ನೀ ಏನೂ ಮಾತಾಡಬ್ಯಾಡ, ನಿನಗ ಬರಂಗಿಲ್ಲ ಅಂತ ಗೊತ್ತದ. ಬಾಜೂಕ ಕೂಡು, ಅಷ್ಟು ಸಾಕು."

ಅಲ್ಲಿ ಎಲ್ಲವೂ ನಡೆಯಬೇಕಾದಂತೆ ನಡೆಯಿತು. ಅಕ್ಕ ಗಂಡನ ಮುಖ ನೋಡಿದರು. ದೇಹ ಎತ್ತುವ ಹೊತ್ತಾದಾಗ ಹೆಂಗಸರು ಅವರನ್ನು ಅಂಗಳದ ಮೂಲೆಗೆ ಕರೆದುಕೊಂಡು ಹೋದರು. ಅತ್ತೆಯ ಒಡಹುಟ್ಟಿದ ಅಕ್ಕ, ಎಲ್ಲರೂ ದೊಡ್ಡಾಯಿ ಎನ್ನುತ್ತಿದ್ದ ಮುದುಕಿ, ಕಲ್ಲು ಹಿಡಿದು ಕುಳಿತಿದ್ದರು. "ಕೈ ಇಡು" ಎಂದರು.

ಅಕ್ಕ ಕೈ ಇಡಲಿಲ್ಲ. ಅಳು ನುಂಗಿಕೊಂಡು, ಡಾಕ್ಟರ ಮುಂದೆ ಹೇಳುವಂತೆಯೇ ಹೇಳಿದರು. "ಆಯೀ, ನೆತ್ತರಾ ತೆಳು ಮಾಡೋ ಗುಳಿಗಿ ತಗೋತೇನ್ರಿ. ಗಾಜು ಚುಚ್ಚಿದ್ರ ನಿಂದ್ರಂಗಿಲ್ಲ. ಒಡೀಬ್ಯಾಡ್ರಿ, ತೆಗೀರಿ. ಬಳಿ ಇಟ್ಟುಕೊಳ್ತೇನಿ ಅಂತ ಅನ್ನಂಗಿಲ್ಲ. ಒಂದೂ ಉಳಸಬ್ಯಾಡ್ರಿ."

"ಇದು ನಿನ್ನ ದವಾಖಾನಿ ಅಲ್ಲ" ಎಂದರು ದೊಡ್ಡಾಯಿ. "ಒಡೀಲಾರದ ತೆಗೆದ್ರ ಹೋದಾಂವಗ ಬಿಡುಗಡಿ ಇಲ್ಲ. ನನ್ನವೂ ಒಡದಾರ, ನಿಮ್ಮತ್ತೀವೂ ಒಡದಾರ. ನಾವೇನ್ ಸತ್ತೇವಾ? ಹಿಡೀರಿ ಆಕಿ ಕೈ."

ಇಬ್ಬರು ಹೆಂಗಸರು ಅಕ್ಕನ ಭುಜ ಹಿಡಿದರು. ನಾನು ಪಕ್ಕದಲ್ಲಿ ಕುಳಿತು ಅವರ ಮಣಿಕಟ್ಟನ್ನು ನನ್ನ ಎರಡೂ ಕೈಗಳಿಂದ ಮುಚ್ಚಿದೆ. "ನೀ ಯಾರು, ಸರಿ" ಎಂದರು ದೊಡ್ಡಾಯಿ. ನಾನು ಸರಿಯಲಿಲ್ಲ.

ಆಗ ಅತ್ತೆ ಬಂದರು. ಅಷ್ಟು ಹೊತ್ತು ಮಗನ ತಲೆಯ ಹತ್ತಿರ ಕುಳಿತವರು ಯಾವಾಗ ಎದ್ದರೋ ಗೊತ್ತಿಲ್ಲ. ಕೈಯಲ್ಲಿ ಕುಸುಬೆ ಎಣ್ಣೆಯ ಬಟ್ಟಲು. ಭುಜ ಹಿಡಿದವರ ಕೈ ಸರಿಸಿ ಸೊಸೆಯ ಎದುರಿಗೆ ಕುಕ್ಕರಗಾಲಲ್ಲಿ ಕುಳಿತರು.

"ಅಕ್ಕಾ, ಕಲ್ಲು ಕೆಳಗಿಡು" ಎಂದು ದೊಡ್ಡಾಯಿಗೆ ಹೇಳಿದರು. "ನನ್ನ ಮಗಾ ಈಕಿ ನೆತ್ತರಾ ಕಾಯ್ಕೋತ ಇದ್ದ. ಅಂವನ ಹೆಸರೀಲೆ ಅದನ್ನೇ ಚೆಲ್ಲಿದ್ರ ಅಂವಗ ಎಂಥಾ ಬಿಡುಗಡಿ?"

ಅತ್ತೆ ಸೊಸೆಯ ಕೈಯನ್ನು ತಮ್ಮ ಮೊಣಕಾಲ ಮೇಲಿಟ್ಟುಕೊಂಡು ಎಣ್ಣೆ ಹಚ್ಚಿದರು. ಹೆಬ್ಬೆರಳನ್ನು ಅಂಗೈಗೆ ಮಡಚಿ, ಗೆಣ್ಣುಗಳನ್ನು ಒತ್ತಿ ಹಿಡಿದು, ಒಂದೊಂದೇ ಬಳೆಯನ್ನು ಜಾರಿಸಿದರು. ಬಳೆಗಾರರು ತೊಡಿಸುವುದನ್ನು ನಾನು ನೋಡಿದ್ದೆ. ತೆಗೆಯುವುದನ್ನು ಅಷ್ಟು ಮೆತ್ತಗೆ ಯಾರೂ ಮಾಡಿದ್ದು ನೋಡಿರಲಿಲ್ಲ. ಅಳುತ್ತಲೂ ಇರಲಿಲ್ಲ ಅತ್ತೆ. ನಾಲಗೆಯ ತುದಿಯನ್ನು ಹಲ್ಲಿನಲ್ಲಿ ಹಿಡಿದು, ಸುಜಿಗೆ ದಾರ ಪೋಣಿಸುವವರಂತೆ ಕಣ್ಣು ಕಿರಿದು ಮಾಡಿದ್ದರು.

ಕೊನೆಯ ಬಳೆ ಎಲ್ಲಿಯೋ ಮೊದಲೇ ಬಿರುಕು ಬಿಟ್ಟಿತ್ತು. ಗೆಣ್ಣಿನ ಮೇಲೆ ಬಂದಾಗ ಚಟಕ್ಕನೆ ತುಂಡಾಯಿತು. ಕೈಯ ಮೇಲೆ ಉಗುರು ಗೀರಿದಷ್ಟು ಗಾಯ. ಮೊದಲು ಸಾಸಿವೆಯಷ್ಟು ನೆತ್ತರು. ನೋಡುತ್ತಿದ್ದಂತೆ ಅದು ಬೆರಳ ಸಂದಿಗೆ ಇಳಿದು, ನೆಲಕ್ಕೆ ಹನಿಯತೊಡಗಿತು.

"ಅರಿಶಿಣಾ ತರ್ರಿ, ಒಲೀ ಮಸಿ ತರ್ರಿ" ಎಂದು ಗದ್ದಲವಾಯಿತು.

"ಏನೂ ಬ್ಯಾಡ್ರಿ" ಎಂದರು ಅಕ್ಕ. "ತೊಳದ ಬಟ್ಟಿ ಕೊಡ್ರಿ. ತಂಗಿ, ಒತ್ತಿ ಹಿಡಿ. ನಿಂತದೇನಂತ ತೆಗೆದು ತೆಗೆದು ನೋಡಬ್ಯಾಡ. ಹಿಡಿದೇ ಇರು." ಅವರ ಕೈಯನ್ನು ಎದೆಗಿಂತ ಎತ್ತರಕ್ಕೆ ಎತ್ತಿ ನಾನು ಒತ್ತಿ ಹಿಡಿದೆ. ಬಟ್ಟೆಯ ಒಂದು ಮಡಿಕೆ ತೊಯ್ದಿತು, ಇನ್ನೊಂದು ಮಡಿಕೆಯೂ ತೊಯ್ದಿತು. ಅದರ ಮೇಲೆಯೇ ಮತ್ತೊಂದು ಬಟ್ಟೆ ಇಟ್ಟು ಒತ್ತಿದೆ. ದೊಡ್ಡಾಯಿ ಆ ಬಟ್ಟೆಯನ್ನೇ ನೋಡುತ್ತಿದ್ದರು. ಒಂದು ಗೀರಿಗೆ ಇಷ್ಟಾದರೆ ಕಲ್ಲಿನಿಂದ ಒಡೆದ ಎರಡು ಕೈಗೆ ಎಷ್ಟು ಎಂದು ಯಾರೂ ಹೇಳಬೇಕಾಗಲಿಲ್ಲ.

ಹೊರಗಿನಿಂದ ಗಂಡಸರು ಕೂಗಿದರು. "ಹೊತ್ತಾತು, ಎಬ್ಬಸ್ರಿ!"

"ತಡೀರಿ" ಎಂದು ಅತ್ತೆ ಕುಳಿತಲ್ಲಿಂದಲೇ ಕೂಗಿ ಹೇಳಿದರು. "ನನ್ನ ಮಗಗ ಇನ್ನ ಯಾವ ಬಸ್ಸೂ ತಪ್ಪಂಗಿಲ್ಲ."

ಎಲ್ಲರೂ ಕಾದರು. ಸತ್ತವರೂ ಕಾದರು ಎನ್ನಿ. ಬಟ್ಟೆಯ ಮೇಲಿನ ಕೆಂಪು ಹರಡುವುದು ನಿಂತ ಮೇಲೆ ಅತ್ತೆ ಅದರ ಮೇಲೆ ಪಟ್ಟಿ ಸುತ್ತಿ ಗಂಟು ಹಾಕಿದರು. ತೆಗೆದ ಬಳೆಗಳನ್ನೆಲ್ಲ ಸೆರಗಿನಲ್ಲಿ ಕೂಡಿಸಿ, ಒರೆಸಿ, ಮಗನ ಮೈಮೇಲಿನ ಬಟ್ಟೆಯೊಳಗೆ ಇಟ್ಟರು. "ನೀನೇ ತೊಡಿಸಿದ್ದಿ. ಒಂದು ಮುಕ್ಕಾಗ್ಯಾದ, ಉಳದಾವು ಸಾಬೂತ ಅವ. ನೀನೇ ಒಯ್ಯಿ" ಎಂದರು. ದೊಡ್ಡಾಯಿ ಕಲ್ಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದುಹೋದರು.

ಆಮೇಲೆ ಅತ್ತೆ ಹಳ್ಳಿಯಲ್ಲಿ ಇರಲಿಲ್ಲ. ಸೊಸೆ, ಮೊಮ್ಮಗಳ ಜೊತೆ ನೌಬಾದಕ್ಕೇ ಬಂದರು. ಇಬ್ಬರೂ ಜಗಳಾಡುವುದನ್ನು ಬಿಡಲಿಲ್ಲ, ನಮ್ಮ ಗೋಡೆಗೆ ಕಿವಿಯಿದ್ದಿದ್ದರೆ ಕಿವುಡಾಗುತ್ತಿತ್ತು. ಪರೀಕ್ಷೆಗೆ ಹೋಗುವ ದಿನ ಮಾತ್ರ ಅತ್ತೆಯೇ ಮೊದಲು ಸೀರೆ ಉಟ್ಟು ಬಾಗಿಲಲ್ಲಿ ನಿಂತಿರುತ್ತಿದ್ದರು. ದವಾಖಾನೆಯಲ್ಲಿ ಸೊಸೆಗಿಂತ ಮೊದಲು ತಾವೇ ಹೇಳುತ್ತಿದ್ದರು, "ಈಕಿ ನೆತ್ತರಾ ತೆಳು ಅದರಿ, ಸಂಭಾಳಿಸಿ ಸುಜಿ ಚುಚ್ಚರಿ."

ನಿಮ್ಮ ಅಜ್ಜ ತೀರಿಕೊಂಡಾಗ ನೀವಿನ್ನೂ ಹುಟ್ಟಿರಲಿಲ್ಲ. ಊರಿಂದ ನಮ್ಮವರು ಬಂದಿದ್ದರು. ಒಳಗೆ ಕಲ್ಲು ಹುಡುಕುತ್ತಿರುವುದು ನನಗೆ ಕೇಳಿಸುತ್ತಿತ್ತು. ನನಗೆ ಬೇಡ ಎನ್ನುವ ಶಕ್ತಿಯೂ ಇರಲಿಲ್ಲ, ಬೇಡ ಎನ್ನಲು ಕಾರಣವೂ ಇರಲಿಲ್ಲ. ನನ್ನ ನೆತ್ತರು ಎಲ್ಲರ ನೆತ್ತರಿನಂತೆಯೇ. ಅಕ್ಕ ಬಂದು ನನ್ನ ಎದುರಿಗೆ ಕುಳಿತರು. ಯಾರನ್ನೂ ಕೇಳಲಿಲ್ಲ. ನನ್ನ ಕೈಯನ್ನು ತಮ್ಮ ಮೊಣಕಾಲ ಮೇಲಿಟ್ಟುಕೊಂಡು ಎಣ್ಣೆ ಹಚ್ಚತೊಡಗಿದರು.

"ಈಕಿಗೇನು ರೋಗಾ ಅದ? ಈಕೀನೂ ಗುಳಿಗಿ ನುಂಗ್ತಾಳೇನು?" ಎಂದು ನಮ್ಮ ಕಡೆಯ ಹಿರಿಯಳೊಬ್ಬಳು ಕೇಳಿದಳು.

"ಇಲ್ರೀ, ಏನೂ ರೋಗಾ ಇಲ್ಲ. ಆದ್ರೂ ನೋಯ್ತದ" ಎಂದರು ಅಕ್ಕ, ತಲೆಯೆತ್ತದೆ.

ಈಗ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಅಂಥ ಸಾವಾದರೂ ಕಲ್ಲು ತರುವವರಿಲ್ಲ. ಯಾರಾದರೊಬ್ಬರು ಒಳಗೆ ಹೋಗಿ ಎಣ್ಣೆಯ ಬಟ್ಟಲು ತರುತ್ತಾರೆ. ಹೋದ ವರ್ಷ ಎದುರುಮನೆಯ ಯಜಮಾನರು ತೀರಿಕೊಂಡಾಗ ಅವರ ಹೊಸ ಸೊಸೆಯನ್ನು, ಎಣ್ಣೆ ಯಾಕೆ ಎಂದು ಅವಳ ತವರಿನವರು ಕೇಳಿದರು. "ನಮ್ಮಲ್ಲಿ ಮದಲಿನಿಂದಾನೂ ಹಿಂಗೇ ಪದ್ಧತಿ ಅದ್ರಿ" ಎಂದಳು. ನಾನು ಅಲ್ಲೇ ಕುಳಿತಿದ್ದೆ. ಅವಳ ಮಾತನ್ನು ತಿದ್ದಲಿಲ್ಲ.